ಹನ್ನೆರಡು ರೊಟ್ಟಿ

ಐದನೆಯ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ದ್ಯಾವಪ್ಪನ ಮೊಳಕಾಲು ಕುಣಿಯತೊಡಗಿತು. ಹೆಂಡತಿ ಆದಮ್ಮ ನೋಡಿಯೂ ನೋಡದವಳಂತೆ ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು.

"ಒಂದ ಸಲ ಹೋಗಿ ಬರ್ತೀನಬೇ. ಬರೇ ಜಗ್ಗಿ ನೋಡಿ ಬರ್ತೀನಿ."

"ಹನ್ನೆರಡು ಆಗೂತನ ಕುಂದ್ರಬೇಕು. ಡಾಕ್ಟರು ಏನಂದಾರ?"

"ಬೀಗ ಬಿದ್ದೈತಿಲ್ಲ?"

ಇದಕ್ಕೆ ಮಾತ್ರ ಆಕೆ ಉತ್ತರ ಕೊಡಲಿಲ್ಲ. ಕೊಡಬಾರದೆಂದೇ ಡಾಕ್ಟರರು ಹೇಳಿದ್ದರು.

ದ್ಯಾವಪ್ಪ ಕಾಲುವೆ ಇಲಾಖೆಯ ತೂಬು ಕಾಯುವವನು. ಸಂತೆಕಲ್ಲೂರಿನ ಕಡೆ ಒಣ ಹೊಲದಲ್ಲಿ ಜೋಳ ಬಿತ್ತಿ ಮುಗಿಲು ನೋಡುತ್ತಿದ್ದವನಿಗೆ ಸಾಲಗುಂದದ ಆಚೆ ಈ ಕೆಲಸ ಸಿಕ್ಕಾಗ ನೆಂಟರೆಲ್ಲ ಹೊಟ್ಟೆ ಉರಿದುಕೊಂಡಿದ್ದರು. ಎರಡು ವರ್ಷ ಚೆನ್ನಾಗಿಯೇ ಇದ್ದ. ಆಮೇಲೆ ತಲೆಯೊಳಗೆ ಅದೇನು ಹೊಕ್ಕಿತೋ, ತೂಬಿಗೆ ಬೀಗ ಹಾಕಿ ಬಂದವನು ಮನೆಯ ಹೊಸ್ತಿಲು ಮುಟ್ಟಿ ತಿರುಗಿ ಹೋಗುತ್ತಿದ್ದ. ಬೀಗ ಜಗ್ಗುತ್ತಿದ್ದ, ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಬೀಗ ಬಿದ್ದಿರದಿದ್ದರೆ ನೀರು ನುಗ್ಗಿ ಕೆಳಗೆ ವಲಸೆ ಬಂದವರ ಕ್ಯಾಂಪಿನ ಗುಡಿಸಲುಗಳ ಕೂಸುಗಳೆಲ್ಲ ತೇಲಿ ಹೋಗುತ್ತವೆ ಎನ್ನುತ್ತಿದ್ದ. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ. ಬೆರಳು ಒಡೆದು ರಕ್ತ ಬಂದರೂ ಜಗ್ಗುವುದು ನಿಲ್ಲಲಿಲ್ಲ.

ಊರಿನವರು ಅದಕ್ಕೆ ಇಟ್ಟ ಹೆಸರು ನಿಯತ್ತು. ಇವನ ಓಡಾಟಕ್ಕೆ ಹೆದರಿ ಮೇಲಿನ ಹೊಲದವರು ಕಳ್ಳತನದಲ್ಲಿ ನೀರು ತಿರುಗಿಸುವುದನ್ನೇ ಬಿಟ್ಟಿದ್ದರು. ಕಾಲುವೆಯ ಕೊನೆಯ ಗದ್ದೆಗಳಿಗೆ ಮೊದಲ ಸಲ ಸರಿಯಾಗಿ ನೀರು ಮುಟ್ಟಿತ್ತು. ಆಗಸ್ಟ್ ಹದಿನೈದಕ್ಕೆ ಅವನ ಕೊರಳಿಗೆ ಹಾರ ಬಿತ್ತು. ಹಾಕಿಸಿಕೊಳ್ಳುವಾಗಲೂ ಅವನ ಕಣ್ಣು ತೂಬಿನ ಕಡೆಗೇ ಇತ್ತು, ಅದನ್ನೂ ಹೊಗಳಿದರು. ಆದಮ್ಮನಿಗೆ ಆ ಹಾರ ಕಿತ್ತು ಕಾಲುವೆಗೆ ಎಸೆಯುವಷ್ಟು ಸಿಟ್ಟು. ಮಸ್ಕಿಯಲ್ಲಿ ಅವಳ ಅವ್ವ ಸತ್ತ ದಿನ ಇವನು ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ಎರಡು ಸಲ ತಿರುಗಿ ಬಂದಿದ್ದ. ಇವನನ್ನು ಬಿಟ್ಟು ಹೋಗಲಾರದೆ ಅವಳು ಕಾದಳು. ಇಬ್ಬರೂ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. ಅವ್ವನ ಮುಖ ನೋಡಲಾಗದ ಆ ಸಂಕಟ ಇನ್ನೂ ಆರಿರಲಿಲ್ಲ.

ತಾಯಿತ ಕಟ್ಟಿಸಿದ್ದಾಯಿತು, ದೇವರು ಕೇಳಿದ್ದಾಯಿತು. ಕಡೆಗೆ ಅವನ ಜೊತೆ ಕೆಲಸ ಮಾಡುವ ಶಾಮೀದಸಾಬ, "ನಮ್ಮ ಅಕ್ಕಗ ಹಿಂಗ ಕೈ ತೊಳಿಯೋ ಚಟ ಇತ್ತವ್ವ. ಧಾರವಾಡದಾಗ ಕಮ್ಮಿ ಆತು," ಅಂದ. ಧಾರವಾಡದ ಆಸ್ಪತ್ರೆಗೆ ಹೋಗುವುದೆಂದರೆ ಈ ಕಡೆ ಒಂದೇ ಅರ್ಥ, ಹುಚ್ಚು. ಲಿಂಗಸುಗೂರಿನ ನೆಂಟರ ಮನೆಗೆಂದು ಸುಳ್ಳು ಹೇಳಿ ಇಬ್ಬರೂ ಬಸ್ಸು ಹತ್ತಿದರು.

ಅಲ್ಲಿನ ಡಾಕ್ಟರು ನಗಲಿಲ್ಲ. "ಇದು ಹುಚ್ಚಲ್ಲವ್ವ, ಅಂಜಿಕಿ ರೋಗ," ಎಂದು ಗುಳಿಗೆ ಬರೆದುಕೊಟ್ಟರು. ಒಂದೇ ಸಲ ಬೀಗ ಹಾಕಿ ಬಂದು ಕೂತುಬಿಡಬೇಕು. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ, ತಾನಾಗಿ ಇಳಿಯುತ್ತದೆ ಎಂದರು. "ಬೀಗ ಬಿದ್ದದೇನು ಅಂತ ಕೇಳ್ತಾನ. ಹೌದೂ ಅನಬ್ಯಾಡ, ಇಲ್ಲಾ ಅನಬ್ಯಾಡ. ಸಮಾಧಾನ ಹೇಳಿದಷ್ಟೂ ಅಂಜಿಕಿ ಬೆಳೀತದ." ಎಷ್ಟು ಹೊತ್ತು ಕೂರಿಸಬೇಕೆಂದು ಕೇಳಿದಾಗ ಗೋಡೆಯ ಗಡಿಯಾರ ತೋರಿಸಿದರು. ಮನೆಯಲ್ಲಿ ಗಡಿಯಾರವಿಲ್ಲ ಎಂದಳು. "ಎಷ್ಟು ರೊಟ್ಟಿ ಬಡೀತಿ ದಿನಾ?" ಎಂದರು.

ಅದಾಗಿ ಎರಡು ತಿಂಗಳು. ಮೊದಲ ದಿನ ಎರಡನೆಯ ರೊಟ್ಟಿಗೇ ಎದ್ದು ಓಡಿದ್ದ. ಆಮೇಲೆ ನಾಲ್ಕು, ಏಳು, ಹತ್ತು. ಹೋದ ವಾರ ಹನ್ನೆರಡೂ ಮುಗಿದ ಮೇಲೆ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಆದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಖುಷಿಗೆ ಅತ್ತಿದ್ದಳು. ಬೆರಳಿನ ಗಾಯಗಳು ಮಾಯುತ್ತಿದ್ದವು.

ಇಂದೂ ಏಳನೆಯ ರೊಟ್ಟಿಗೆ ಮೊಳಕಾಲು ನಿಂತಿತು. ಎಂಟನೆಯದನ್ನು ಹಂಚಿಗೆ ಹಾಕುವಾಗ ಹೊರಗೆ ಬಂಡಿ ನಿಂತ ಸದ್ದಾಯಿತು. ಬಂದವನು ವೆಂಕೋಬ. ಕಾಲುವೆಯ ಕೊನೆಯಲ್ಲಿ ಇಪ್ಪತ್ತು ಎಕರೆ ನೆಲ್ಲು ಬೆಳೆಯುವ ಹಿರಿಯ. ಹಾರ ಹಾಕಿದವನೂ ಅವನೇ. ಒಂದು ಚೀಲ ತಂದು ಹೊಸ್ತಿಲ ಬಳಿ ಇಳಿಸಿದ.

"ಅಕ್ಕಿ, ತಂಗಿ. ಎಷ್ಟ ದಿನಾಂತ ರೊಟ್ಟಿ ಬಡೀತಿ? ಅನ್ನಕ್ಕಿಡು."

"ಕುಂದರ್ರಿ ಅಣ್ಣಾರ."

"ಕುಂದ್ರಾಕ ಪುರಸೊತ್ತೆಲ್ಲಿ? ಎಂಟು ದಿನ ಆತು, ನನ್ನ ಗದ್ದಿಗೆ ನೀರು ಮುಟ್ಟಿಲ್ಲ. ತೆನಿ ಹೊರಡೋ ಹೊತ್ತು. ಮ್ಯಾಲಿನವ್ರು ಮತ್ತ ಶುರು ಮಾಡ್ಯಾರ. ದ್ಯಾವಪ್ಪ ಓಡಾಡಾಕತ್ತಿದ್ದಾಗ ಒಂದು ನಾಯಿನೂ ತೂಬಿನ ಕಡಿ ಸುಳೀತಿರಲಿಲ್ಲ."

"ಅವರಿಗೆ ಆರಾಮಿರಲಿಲ್ಲರಿ. ಈಗೀಗ ಸುಧಾರಸಾಕತ್ತಾರ. ಇಲಾಖೆಯವ್ರಿಗೆ ಹೇಳಿ ಇನ್ನೊಬ್ಬರನ್ನ ಹಾಕಸ್ರಿ."

"ಇನ್ನೊಬ್ಬ ಬಂದ್ರ ಪಗಾರ ತಗೊಂಡು ನಿದ್ದಿ ಹೊಡೀತಾನ. ನಿನ್ನ ಗಂಡನಂಥವ ಸಿಗ್ತಾನೇನು?"

ಆದಮ್ಮ ಹಿಟ್ಟಿನ ಕೈಯನ್ನೇ ಜೋಡಿಸಿದಳು. "ಏನರ ಅನ್ರಿ, ನನಗನ್ರಿ. ಬೀಗ ಬಿದ್ದೈತೇನು ಅಂತ ಅವರನ್ನ ಮಾತ್ರ ಕೇಳಬ್ಯಾಡ್ರಿ. ಡಾಕ್ಟರು ಹೇಳ್ಯಾರ. ನಿಮ್ಮ ಕಾಲಿಗೆ ಬೀಳ್ತೀನಿ."

ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿತು. ಎಲ್ಲಿ ಚುಚ್ಚಬೇಕೆಂದು ವೆಂಕೋಬನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನು ಅವಳನ್ನು ದಾಟಿ ಹೋಗಿ ದ್ಯಾವಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂಸಿನ ಜೊತೆ ಮಾತಾಡುವಷ್ಟು ಮೆತ್ತಗೆ ಕೇಳಿದ:

"ದ್ಯಾವಪ್ಪಾ, ಬೀಗ ಖರೇನ ಬಿದ್ದೈತೇನೋ?"

ದ್ಯಾವಪ್ಪ ಹೆಂಡತಿಯ ಮುಖ ನೋಡಿದ.

"ಬಿದ್ದೈತಿ!" ಎಂದು ಆದಮ್ಮ ಚೀರಿದಳು. ಎರಡು ತಿಂಗಳಲ್ಲಿ ಒಮ್ಮೆಯೂ ಆಡದೆ ಕಾಪಾಡಿಕೊಂಡು ಬಂದ ಮಾತು. "ನಾನ ಕಣ್ಣಾರೆ ನೋಡೀನಿ. ಬಿದ್ದೈತಿ, ಕುಂದ್ರು!"

ಅಷ್ಟರಲ್ಲಿ ದ್ಯಾವಪ್ಪ ಅಂಗಳ ದಾಟಿದ್ದ.

"ಇಂಥ ನಿಯತ್ತು ಈ ಕಾಲದಾಗ ಎಲ್ಲೈತಿ ತಂಗಿ," ಎಂದು ವೆಂಕೋಬ ಧೋತರ ಝಾಡಿಸಿಕೊಂಡು ಎದ್ದ.

ಬಂಡಿ ಹೋಯಿತು. ಹಂಚಿನ ಮೇಲಿನ ಎಂಟನೆಯ ರೊಟ್ಟಿ ಕರಕಾಗಿತ್ತು. ಆದಮ್ಮ ಅದನ್ನು ತೆಗೆದಿಟ್ಟು ಒಂಬತ್ತನೆಯದು ಬಡಿದಳು, ಹತ್ತನೆಯದು ಬಡಿದಳು. ದ್ಯಾವಪ್ಪ ಹೊಸ್ತಿಲ ತನಕ ಬಂದ, ಅಕ್ಕಿಯ ಚೀಲಕ್ಕೆ ಕಾಲು ತಾಗಿ ನಿಂತ, ತಿರುಗಿ ಹೋದ. ಹನ್ನೆರಡು ಮುಗಿದವು. ಅವನು ಮತ್ತೆ ಬಂದ, ಹೊಸ್ತಿಲು ಮುಟ್ಟಿದ, ಮತ್ತೆ ಹೋದ. ಆದಮ್ಮ ಡಬ್ಬಿಯ ತಳ ಕೆರೆದು ಹದಿಮೂರನೆಯ ರೊಟ್ಟಿಗೆ ಹಿಟ್ಟು ಕಲಸಿದಳು.