ಸಿಂಹದ ಮೇಜಿನ ಮೇಲಿದ್ದ ಫೈಲು

ಹರಿದ ಪುಸ್ತಕಗಳಿಗೆ ಮತ್ತೆ ಬೆನ್ನು ಕೂರಿಸಿ ಕೊಡುವ ಬೈಂಡರಮ್ಮನ ಬಲಗೈ ಮೇಲೆ ಕುರ್ಚಿ ಮೇಜಿನ ಅಂಗಡಿಯ ಷಟರ್ ಬಿದ್ದದ್ದು ಹಾಡಹಗಲಲ್ಲಿ. ಒಂದು ಸ್ಟೂಲಿನ ಬೆಲೆ ಕೇಳಲು ಹೋದವಳು ಹೆಬ್ಬೆರಳಿನ ಮೂಳೆ ಎರಡು ತುಂಡು ಮಾಡಿಸಿಕೊಂಡು ಬಂದಳು. ಅಂಗಡಿಯವನು ಒಳ್ಳೆಯವನೇ, ಕೂರಲು ಕುರ್ಚಿ ಕೊಟ್ಟ. ಪ್ಲಾಸ್ಟಿಕ್ ಹರಿಯದ ಹಾಗೆ ಕೂತ್ಕೊಳ್ಳಿ, ಮಾರಾಟದ್ದು ಅಂತಲೂ ಸೇರಿಸಿದ.

ವಕೀಲರನ್ನು ಹುಡುಕಿಕೊಟ್ಟವನು ಭಾವ, ಅಕ್ಕನ ಗಂಡ. ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿದ್ದದ್ದು ಸರಿಯಾಗಿರುತ್ತಿರಲಿಲ್ಲ, ಅಷ್ಟೆ. ಆ ವಕೀಲರನ್ನು ಎಲ್ಲರೂ ಸಿಂಹ ಅನ್ನುತ್ತಾರೆ, ಅವರು ಬಾಯಿ ತೆಗೆದರೆ ಕೋರ್ಟಿನ ಫ್ಯಾನು ನಿಂತುಹೋಗುತ್ತೆ ಅಂತ ಭಾವ ಹೊಗಳಿದ್ದೇ ಹೊಗಳಿದ್ದು.

ಸಿಂಹದ ಆಫೀಸಿನಲ್ಲಿ ಗೋಡೆ ತುಂಬ ಸಿಂಹದ್ದೇ ಫೋಟೋ. ಪ್ರತಿಯೊಂದರಲ್ಲೂ ಯಾರದ್ದೋ ಕೈ ಕುಲುಕುತ್ತ, ಮುಖ ಮಾತ್ರ ಕ್ಯಾಮೆರಾ ಕಡೆಗೆ. ಅವರು ಅಂದು ಅಂಗಡಿಯವನನ್ನು ಬೀದಿಗೆ ತರುವುದಾಗಿ ಮಾತು ಕೊಟ್ಟರು. ಬೈಂಡರಮ್ಮ ಎಕ್ಸ್‌ರೇ, ಡಾಕ್ಟರ ಚೀಟಿಗಳು, ಷಟರಿನ ಫೋಟೋ ಎಲ್ಲ ಜೋಡಿಸಿದ ಫೈಲು ಕೊಟ್ಟಳು. ಅದಕ್ಕೆ ಎಡಗೈ ಮತ್ತು ಹಲ್ಲು ಸೇರಿಸಿ ತನ್ನ ಕಸುಬಿನ ಗಂಟು ಹಾಕಿದ್ದಳು, ದಾರದ ತುದಿ ಒಳಗೆ ಮಡಚಿಕೊಳ್ಳುವಂಥದ್ದು. ಒಮ್ಮೆ ಬಿಚ್ಚಿದರೆ ಅವಳ ಹೊರತು ಯಾರೂ ಮತ್ತೆ ಹಾಗೆ ಹಾಕಲಾರರು.

ಆಮೇಲೆ ಐದು ತಿಂಗಳು ಫೋನು. ಗುಮಾಸ್ತನದ್ದು ಒಂದೇ ಉತ್ತರ, ಸಾಹೇಬರು ಕೋರ್ಟಿನಲ್ಲಿದ್ದಾರೆ. ಕೋರ್ಟಿಗೆ ರಜೆ ಇದ್ದ ದಿನವೂ ಸಾಹೇಬರು ಕೋರ್ಟಿನಲ್ಲೇ ಇದ್ದರು. ಭಾವನಿಗೆ ಹೇಳಿದರೆ, ದೊಡ್ಡವರ ಹತ್ತಿರ ತಾಳ್ಮೆ ಬೇಕು ಎಂದ.

ಕೊನೆಗೊಂದು ದಿನ ಅವರೇ ಕರೆಸಿದರು. ಅಂಗಡಿಯ ವಿಮಾ ಕಂಪನಿ ಒಂದಿಷ್ಟು ಕೊಡಲು ಒಪ್ಪಿದೆ, ಇಲ್ಲಿ ಸಹಿ ಹಾಕಿ ಎಂದು ಕಾಗದ ಸರಿಸಿದರು. ಅದರ ಪಕ್ಕದಲ್ಲೇ ಅವಳ ಫೈಲು. ಗಂಟು ಇದ್ದ ಹಾಗೇ ಇತ್ತು, ತುದಿ ಒಳಗೇ ಇತ್ತು. ಸಿಂಹ ಕರುಣೆಯಿಂದ, "ನಿಮ್ಮ ಕಾಲಿನ ನೋವು ನನಗೆ ಅರ್ಥ ಆಗುತ್ತಮ್ಮ," ಎಂದರು.

ಇನ್ನೂ ಪಟ್ಟಿ ಬಿಚ್ಚದ ಕೈ ಮೇಜಿನ ಮೇಲೇ ಇತ್ತು.

"ಯಾವ ಕಾಲು ಸರ್?"

ಸಿಂಹ ಬಗ್ಗಿ ಮೇಜಿನ ಕೆಳಗೆ ನೋಡಿದರು. "ಎರಡೂ ಅಂತಲೇ ಇಟ್ಕೊಳ್ಳೋಣ."

ಅವಳು ಸಹಿ ಹಾಕಲಿಲ್ಲ. ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದಳು. ಸುದ್ದಿ ತಿಳಿದ ಭಾವ ತನ್ನ ಮಾನ ಹೋಯಿತು ಎಂದು ಒಂದು ವಾರ ಮಾತು ಬಿಟ್ಟ. ಮನೆಯಲ್ಲಿ ಎಲ್ಲರಿಗೂ ಹಾಯಾಗಿತ್ತು.

ಹೊಸ ವಕೀಲೆಯ ಕೋಣೆ ಹಲ್ಲಿನ ಡಾಕ್ಟರ ಮಹಡಿ ಮೇಲಿತ್ತು. ಕೆಳಗೆ ಕೊರೆಯುವ ಯಂತ್ರ ಕಿರುಗುಟ್ಟಿದಾಗೆಲ್ಲ ಕುರ್ಚಿ ನಡುಗುತ್ತಿತ್ತು. ಜನ ಆಕೆಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು. ನಗು ಇಲ್ಲ, ಉಪಚಾರ ಇಲ್ಲ. ಗಂಟನ್ನು ಪೆನ್ನಿನ ಮೊನೆಯಿಂದ ಬಿಡಿಸಿ, ಮುಕ್ಕಾಲು ಗಂಟೆ ಒಂದೊಂದೇ ಹಾಳೆ ಓದಿದಳು. ಆಮೇಲೆ ಶುರುವಾಯಿತು. ಷಟರಿನ ಕೆಳಗೆ ಯಾಕೆ ನಿಂತಿದ್ದಿರಿ? ಕೈ ಯಾಕೆ ಮೇಲೆತ್ತಿದಿರಿ? ಈ ಬೆರಳಿಗೆ ಮೊದಲೇ ಪೆಟ್ಟಾಗಿತ್ತಾ?

ಬೈಂಡರಮ್ಮನಿಗೆ ರೇಗಿತು. "ನೀವು ಯಾರ ಕಡೆ?"

"ನಿಮ್ಮ ಕಡೆ. ಅವರ ವಕೀಲರು ಇದನ್ನೇ ಕೇಳ್ತಾರೆ. ಸಿಟ್ಟು ಮಾಡ್ಕೊಳ್ಳೋದಿದ್ರೆ ಇಲ್ಲೇ ಮುಗಿಸಿ, ಅಲ್ಲಿ ಬೇಡ."

ಇನ್ನೂ ಎರಡು ವಿಷಯ ಹೇಳಿದಳು. ಮೊದಲನೆಯದು, ಸಿಂಹ ಕೇಸನ್ನೇ ಹಾಕಿಲ್ಲ, ಹಾಕಲು ಕಾನೂನಿನ ಗಡುವಿನಲ್ಲಿ ಉಳಿದಿರುವುದು ಹತ್ತೊಂಬತ್ತೇ ದಿನ. ಎರಡನೆಯದನ್ನು ಹೇಳುವ ಮುಂಚೆ ಕನ್ನಡಕ ತೆಗೆದಳು. ಡಾಕ್ಟರ ಕೊನೆಯ ಚೀಟಿಯಲ್ಲಿ, ಹೆಬ್ಬೆರಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ಬರೆದಿದೆ. ಯಾರೂ ಹೇಳಲಿಲ್ವಾ?

ಯಾರೂ ಹೇಳಿರಲಿಲ್ಲ. ಆ ಗೀಚಿದ ಅಕ್ಷರ ಓದಲು ಬಾರದೆ, ಪಟ್ಟಿ ಬಿಚ್ಚಿದ ದಿನ ಎಲ್ಲ ಸರಿಹೋಗುತ್ತದೆ ಎಂದೇ ಅವಳು ನಂಬಿದ್ದಳು. ಅತ್ತಳು. ಪ್ರಶ್ನೆಪತ್ರಿಕೆ ಸಮಾಧಾನ ಮಾಡಲಿಲ್ಲ, ನೀರಿನ ಬಾಟಲಿ ಮುಂದಿಟ್ಟು ಕಿಟಕಿ ಮುಚ್ಚಿದಳು. ಕೊರೆಯುವ ಸದ್ದು ಸ್ವಲ್ಪ ಕಡಿಮೆಯಾಯಿತು.

ಕೇಸು ಹದಿನೇಳನೇ ದಿನ ದಾಖಲಾಯಿತು. ಷಟರಿನ ಸ್ಪ್ರಿಂಗು ಹೋಗಿದೆ ಎಂದು ಅಂಗಡಿಯವನಿಗೆ ಮೊದಲೇ ಚೀಟಿ ಬರೆದುಕೊಟ್ಟಿದ್ದ ರಿಪೇರಿಯವನನ್ನು ಪ್ರಶ್ನೆಪತ್ರಿಕೆ ಬೀದಿ ಬೀದಿ ಅಲೆದು ಪತ್ತೆ ಹಚ್ಚಿದಳು. ವಿಚಾರಣೆಯ ದಿನ ಎದುರು ವಕೀಲ ಕೈ ಯಾಕೆ ಮೇಲೆತ್ತಿದಿರಿ ಎಂದು ಗದರಿದಾಗ ಬೈಂಡರಮ್ಮನಿಗೆ ಆಕಳಿಕೆ ಬರುವಷ್ಟು ಅಭ್ಯಾಸವಾಗಿಹೋಗಿತ್ತು. ಸಿಂಹ ಒಪ್ಪಿದ್ದಕ್ಕಿಂತ ಎರಡೂವರೆ ಪಟ್ಟು ಸಿಕ್ಕಿತು. ಸಿಂಹ ಮೊದಲ ದಿನ ಮಾತು ಕೊಟ್ಟಷ್ಟೇನೂ ಅಲ್ಲ. ಅಂಗಡಿಯವನು ಬೀದಿಗೂ ಬರಲಿಲ್ಲ.

ಪ್ರಶ್ನೆಪತ್ರಿಕೆಯನ್ನು ಅವಳು ಕೊನೆಯವರೆಗೂ ಇಷ್ಟಪಡಲಿಲ್ಲ. ಆದರೆ ಫೋನು ಮಾಡಿದ ದಿನ ಸಂಜೆಯೊಳಗೆ ಆಕೆಯಿಂದ ಉತ್ತರ ಬಾರದೇ ಹೋದದ್ದು ಒಂದು ದಿನವೂ ಇಲ್ಲ.

ಬೈಂಡರಮ್ಮ ಕಾಲಲ್ಲಿ ತುಳಿದು ಒತ್ತುವ ಪ್ರೆಸ್ಸು ಕೊಂಡಳು. ನಾಲ್ಕು ಬೆರಳಲ್ಲಿ ಹೊಲಿಯುವುದನ್ನು ಕಲಿಯುತ್ತ ಮೊದಲು ಮುಗಿಸಿದ್ದು ಒಂದು ದಪ್ಪ ನಿಘಂಟು. ಬೆನ್ನು ತುಸು ಸೊಟ್ಟಗಾಯಿತು. ಗಿರಾಕಿ ಗಮನಿಸದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಅವಳೇ ಹೊರಗೆ ತೆಗೆಸಿ ಸೊಟ್ಟ ಎಲ್ಲಿದೆ ಎಂದು ತೋರಿಸಿದಳು, ಕೂಲಿಯಲ್ಲಿ ಮಾತ್ರ ಒಂದು ಕಾಸೂ ಬಿಡುವುದಿಲ್ಲ ಎಂದಳು.