ಸೋರುವ ಕಿವಿಗೆ ಉಪ್ಪಿಲ್ಲ

ಮಗುವಿನ ತಲೆಯನ್ನು ಮೆಲ್ಲನೆ ವಾಲಿಸಿ, ಅದರ ಎಡಗಿವಿಯ ಬಳಿಗೆ ದೊಮ್ನಿಕಾ ತನ್ನ ಮೂಗನ್ನು ಒಯ್ದಳು. ಕಿವಿಯ ಹಿಂದಿನ ಕೂದಲು ಹಳದಿಯಾಗಿ ಅಂಟಿಕೊಂಡು ಒಣಗಿತ್ತು. ಆ ವಾಸನೆ ಅವಳಿಗೆ ಹೊಸದಲ್ಲ. ಮೇಜಿನ ಮೇಲೆ ಸಾಲಾಗಿಟ್ಟಿದ್ದ ಉಪ್ಪಿನ ಚೀಲಗಳತ್ತ ಮಗುವಿನ ತಂದೆ ಚಾಚಿದ ಕೈಯನ್ನು ಅವಳು ತಡೆದಳು.

“ಇವಳಿಗೆ ನಾನು ಕೊಡಲ್ಲ.”

“ಕೊಡಲ್ಲ ಅಂದ್ರೆ? ಮತ್ತೆ ಅಂಗಡಿ ಹಾಕ್ಕೊಂಡು ಕೂತಿರೋದು ಯಾಕೆ?”

ಲಿವಿಯು ಬೆಳಗ್ಗೆಯೇ ಬಕಾವ್ ಪಟ್ಟಣದಿಂದ ಕಾರಿನಲ್ಲಿ ಬಂದಿದ್ದ. ನಾಲ್ಕು ವರ್ಷದ ಮಗಳು ಸ್ಮರಾಂದಾಳಿಗೆ ಹತ್ತು ದಿನಗಳಿಂದ ನೆಗಡಿ. ಎಲ್ಲರಂತೆ ಅವನೂ ಮಗುವನ್ನು ಉಪ್ಪಿನ ಗಣಿಯೊಳಗೆ ಇಳಿಸಿ, ಅಲ್ಲಿನ ತಣ್ಣನೆಯ ಗಾಳಿಯಲ್ಲಿ ಒಂದಷ್ಟು ಹೊತ್ತು ಆಡಿಸಿ, ಕಿವಿನೋವಿಗೊಂದು ಚೀಲ ಕೊಂಡು ಮರಳುವ ಯೋಚನೆಯಲ್ಲಿದ್ದ.

ಗಣಿಯ ಬಾಗಿಲಲ್ಲಿ ದೊಮ್ನಿಕಾ ನಲವತ್ತು ವರ್ಷಗಳಿಂದ ಕುಳಿತಿದ್ದಾಳೆ. ನಾರುಬಟ್ಟೆಯ ಅಂಗೈಯಗಲದ ಚೀಲ, ಒಳಗೆ ಹರಳುಪ್ಪು, ಬಾಯಿಗೆ ಕೆಂಪು ದಾರ. ಉಪ್ಪನ್ನು ಒಣ ಬಾಣಲೆಯಲ್ಲಿ ಚಿಟಪಟ ಎನ್ನುವವರೆಗೆ ಹುರಿದು, ಮತ್ತೆ ಚೀಲಕ್ಕೆ ಸುರಿದು, ತನ್ನ ಮಣಿಕಟ್ಟಿನ ಒಳಭಾಗ ತಾಳುವಷ್ಟು ಆರಿದ ಮೇಲೆಯೇ ಮಗುವಿನ ಕಿವಿಯ ಮೇಲಿಡಬೇಕೆಂದು ಪ್ರತಿಯೊಬ್ಬ ತಾಯಿಗೂ ಅವಳು ಬಿಡಿಸಿ ಹೇಳುತ್ತಿದ್ದಳು. ಅವರಿಂದ ಹೇಳಿಸಿಯೂ ನೋಡುತ್ತಿದ್ದಳು. ಮಗುವನ್ನು ಕಣ್ಣಾರೆ ಕಾಣದೆ ಒಂದು ಚೀಲವನ್ನೂ ಅವಳು ಮಾರಿದವಳಲ್ಲ. ಒಣ ಕಿವಿಯ ನೋವಿಗೆ ಉಪ್ಪು. ಸೋರುವ ಕಿವಿಗೆ ಗುಡ್ಡದ ಮೇಲಿನ ಆಸ್ಪತ್ರೆಯ ದಾರಿ.

ಅವಳ ಎಡಗಡೆಯ ಅಂಗಡಿಯ ನೆಕುಲಾಯ್‌ಗೆ ಇಂಥ ಯಾವ ಕಟ್ಟುಪಾಡೂ ಇರಲಿಲ್ಲ. ಯಂತ್ರದಲ್ಲಿ ಹೊಲಿದ ಬಣ್ಣದ ಚೀಲಗಳ ಮೇಲೆ ಅವನೊಂದು ಫಲಕ ತೂಗುಹಾಕಿದ್ದ: ‘ನೆಗಡಿ, ಕಿವಿನೋವು, ಕಿವಿಸೋರಿಕೆ: ಒಂದೇ ದಿನದಲ್ಲಿ ಗುಣ.’ ಓದು ಬಲ್ಲವನೊಬ್ಬ ಎಳೆಯ ಮಕ್ಕಳ ಕಿವಿಯ ವಿಷಯದಲ್ಲಿ ಇಂಥ ಸುಳ್ಳನ್ನು ಬರೆಸಿ, ಅದರ ಕೆಳಗೆ ಕುಳಿತು ನೆಮ್ಮದಿಯಾಗಿ ಊಟ ಮಾಡಬಲ್ಲನೆಂಬುದು ದೊಮ್ನಿಕಾಳಿಗೆ ಇಂದಿಗೂ ಅರ್ಥವಾಗದ ಸಂಗತಿ.

“ಇಲ್ಲಿ ಬನ್ನಿ ಸಾರ್!” ಎಂದು ಕೂಗಿದ ನೆಕುಲಾಯ್. “ಅಲ್ಲಿ ಉಪ್ಪು ತಗೋಬೇಕಂದ್ರೆ ಪರೀಕ್ಷೆ ಪಾಸಾಗಬೇಕು. ಭಾರೀ ಜಂಬದ ಮುದುಕಿ. ಮೂರು ವರ್ಷದಿಂದ ದಿನಾ ನಮಸ್ಕಾರ ಹೇಳ್ತೀನಿ, ಒಂದಿನಾನೂ ಬಾಯಿ ಬಿಟ್ಟಿಲ್ಲ!”

ದೊಮ್ನಿಕಾ ತಿರುಗಲಿಲ್ಲ. ಲಿವಿಯು ನಕ್ಕು ಅತ್ತ ನಡೆದು, ಹಸಿರು ಚೀಲವೊಂದನ್ನು ಎತ್ತಿಕೊಂಡ.

“ಬೇಡಪ್ಪಾ. ಕಿವಿ ಸೋರ್ತಿದೆ. ಮೊದಲು ಡಾಕ್ಟರಿಗೆ ತೋರಿಸು,” ಎಂದಳು ದೊಮ್ನಿಕಾ, ಅವನು ಹೋದದ್ದನ್ನು ಕಂಡು ಪೂರ್ತಿ ಅತ್ತ ತಿರುಗಿ.

“ಅಜ್ಜಿ, ನಿನ್ನೆ ತನಕ ನೋವು ನೋವು ಅಂತ ಕಿರುಚ್ತಿದ್ಲು. ಬೆಳಗ್ಗೆ ಎದ್ರೆ ನೋವೇ ಇಲ್ಲ. ವಾಸಿ ಆಗ್ತಾ ಇದೆ. ಮಿಕ್ಕಿದ್ದು ಉಪ್ಪು ನೋಡ್ಕೊಳ್ಳುತ್ತೆ.”

ನೋವೇ ಇಲ್ಲ! ದೊಮ್ನಿಕಾಳ ಆರನೆಯ ವರ್ಷದ ಚಳಿಗಾಲದಲ್ಲಿ, ನಾಲ್ಕು ದಿನ ಬಿಸಿ ಉಪ್ಪು ಇಟ್ಟ ಮೇಲೆ, ಅವಳೂ ಅಮ್ಮನಿಗೆ ಹೀಗೆಯೇ ಹೇಳಿದ್ದಳು. ಹುಟ್ಟಿದ ಕೂಸಿನ ಮೊದಲ ಸ್ನಾನದ ನೀರಿಗೂ ಉಪ್ಪು ಬೆರೆಸುವ ಊರು ಅದು. ನೋವು ನಿಂತದ್ದು ಉಪ್ಪಿನ ಮಹಿಮೆಯೆಂದು ಅಮ್ಮ ಚೀಲವನ್ನು ಕಣ್ಣಿಗೊತ್ತಿಕೊಂಡು, ಕಿವಿ ಸೋರುತ್ತಿದ್ದರೂ ಇನ್ನೂ ಎರಡು ವಾರ ಅದನ್ನೇ ಇಟ್ಟಳು. ಕಿವಿಯೊಳಗಿನ ತಮಟೆ ಹರಿದಿದ್ದರಿಂದ ನೋವು ನಿಂತಿತ್ತೆಂದು ತಿಳಿಯುವಷ್ಟರಲ್ಲಿ ಆ ಎಡಗಿವಿ ಪೂರ್ತಿ ಕಿವುಡಾಗಿತ್ತು. ಮುಂದಿನ ಭಾನುವಾರ ಅಮ್ಮ ಚರ್ಚಿನ ಅಂಗಳದಲ್ಲಿ ಊರ ಹೆಂಗಸರೆಲ್ಲರ ಎದುರು ನಿಂತು, “ತಪ್ಪು ಉಪ್ಪಿನದಲ್ಲ, ನಂದು. ಸೋರೋ ಕಿವಿಗೆ ಯಾರೂ ಇಡಬೇಡಿ” ಎಂದು ತಲೆಯೆತ್ತಿ ಹೇಳಿದ್ದಳು.

ಆ ಹೆಂಗಸರಲ್ಲಿ ಇಂದು ಒಬ್ಬರೂ ಬದುಕಿಲ್ಲ. ಹೊಸಬರಿಗೆ ದೊಮ್ನಿಕಾ ತನ್ನ ಕಿವಿಯ ಸಂಗತಿ ಹೇಳಿರಲಿಲ್ಲ. ಕಿವುಡಿಯೊಬ್ಬಳು ಕಿವಿಗೆ ಮದ್ದು ಮಾರುತ್ತಾಳೆಂದು ಜನ ನಗುವುದು ಬೇಡವೆಂದು, ಎಲ್ಲರಿಗೂ ಬಲಗಡೆಯನ್ನೇ ಕೊಟ್ಟು ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಅವಳು ಎದ್ದು ಬಂದು, ನೆಕುಲಾಯ್‌ನ ಅಂಗಡಿಯ ಮುಂದೆಯೇ ಮಗುವಿನೆದುರು ಮೊಣಕಾಲೂರಿದಳು.

“ಪುಟ್ಟೀ, ಅಪ್ಪನ ಕಾರಿನ ಕೀಲಿ ಇಸ್ಕೋ. ನಾನು ಕಣ್ಣು ಮುಚ್ಕೋತೀನಿ. ಇಗೋ, ನನ್ನ ಈ ಎಡಗಿವಿ ಹತ್ರ ಹಿಡಿದು ಜೋರಾಗಿ ಆಡಿಸು. ಈ ಕಡೆ ಬಲಗಿವಿ ನಾನು ಮುಚ್ಕೊಂಡಿರ್ತೀನಿ.”

ಮಗುವಿಗೆ ಅದು ಆಟ. ಕೀಲಿಗೊಂಚಲು ಝಣಝಣ ಸದ್ದು ಮಾಡಿತು. ಗಣಿಗೆ ಇಳಿಯಲು ಸಾಲುಗಟ್ಟಿದ್ದವರು ತಿರುಗಿ ನೋಡಿದರು. ದೊಮ್ನಿಕಾಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಆಡಿಸು ಕಂದಾ,” ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. “ಯಾಕೆ, ನಾಚಿಕೆನಾ?”

ಕೀಲಿಗಳು ಝಣಗುಡುತ್ತಲೇ ಇದ್ದವು. ಸಾಲಿನಲ್ಲಿ ಯಾರೂ ನಗಲಿಲ್ಲ. ಲಿವಿಯು ಮಗಳ ಕೈಯನ್ನು ಹಿಡಿದು ನಿಲ್ಲಿಸಿದ.

ದೊಮ್ನಿಕಾ ಕಣ್ತೆರೆದಳು. “ನನಗೂ ಹಿಂಗೇ ನೋವು ನಿಂತಿತ್ತಪ್ಪಾ. ಅರುವತ್ತೈದು ವರ್ಷ ಆಯ್ತು. ಅಮ್ಮ ಉಪ್ಪು ಇಟ್ಕೊಂಡು ಕೂತ್ಲು. ನೀನು ಕೂರಬೇಡ, ಗುಡ್ಡ ಹತ್ತು.”

ಲಿವಿಯು ಹಸಿರು ಚೀಲವನ್ನು ಹಲಗೆಯ ಮೇಲಿಟ್ಟು, ಮಗುವನ್ನೆತ್ತಿಕೊಂಡು ಕಾರಿನತ್ತ ಓಡಿದ.

ಮಧ್ಯಾಹ್ನ ಅವನು ಮರಳಿ ಬಂದಾಗ ಸ್ಮರಾಂದಾ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

“ತೂತು ಚಿಕ್ಕದಂತೆ ಅಜ್ಜಿ. ಔಷಧಿ ಕೊಟ್ಟಿದ್ದಾರೆ, ಮುಚ್ಕೊಳ್ಳುತ್ತೆ ಅಂದ್ರು. ಇನ್ನೂ ತಡ ಮಾಡಿದ್ದಿದ್ರೆ...” ಅವನು ಮಗಳನ್ನು ಹೆಗಲ ಮೇಲೆ ಸರಿಪಡಿಸಿಕೊಂಡ. “ಈಗಲಾದ್ರೂ ಒಂದು ಚೀಲ ಕೊಡ್ತೀರಾ? ನೆನಪಿಗೆ.”

“ನೆನಪಿಗೆ ಕೊಡೋ ವಸ್ತು ಅಲ್ಲ ಅದು. ಕಿವಿ ಒಣಗಿದೆ ಅಂತ ಡಾಕ್ಟರು ಹೇಳಲಿ. ಆಮೇಲೆ ಯಾವತ್ತಾದ್ರೂ ನೆಗಡಿ ಬಂದು ಕಿವಿ ನೋಯ್ತು ಅಂದ್ರೆ ಕರ್ಕೊಂಡು ಬಾ. ನೋಡಿ ಕೊಡ್ತೀನಿ.”

ಅವನು ತಲೆಬಾಗಿ ಹೊರಟ. ದೊಮ್ನಿಕಾ ಬೆನ್ನು ನೆಟ್ಟಗೆ ಮಾಡಿ ಕುಳಿತು ಸೂಜಿಗೆ ಕೆಂಪು ದಾರ ಪೋಣಿಸಿದಳು. ಅಂದು ಅವಳು ಮಾರಿದ್ದು ಮೂರೇ ಚೀಲ. ಆದರೂ ಅಮ್ಮನ ಪಕ್ಕದಲ್ಲಿ ಆ ಚರ್ಚಿನ ಅಂಗಳದಲ್ಲಿ ತಾನೂ ನಿಂತು ಬಂದಂತೆ ಅವಳ ಎದೆ ತುಂಬಿತ್ತು.

ಮರುದಿನ ಬೆಳಗ್ಗೆ ನೆಕುಲಾಯ್ ತನ್ನ ಅಂಗಡಿಯ ತಾಡಪಾಲನ್ನು ಇನ್ನೂ ಬಿಚ್ಚಿರಲಿಲ್ಲ. ಅವಳ ಮೇಜನ್ನು ಸುತ್ತುಹಾಕಿ ಬಂದು, ಬಲಗಡೆ ನಿಂತು, ಟೋಪಿ ತೆಗೆದ.

“ನಮಸ್ಕಾರ, ದೊಮ್ನಿಕಕ್ಕಾ.”

“ನಮಸ್ಕಾರ ಕಣಯ್ಯಾ.”

ಅವನು ಟೋಪಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. “ಅಲ್ಲ... ಸೋರ್ತಿದೆಯೋ ಇಲ್ವೋ ಅಂತ ನೋಡೋದು ಹೆಂಗೆ? ನನಗೂ ಒಂಚೂರು ತೋರಿಸ್ಕೊಡಿ.”

ದೊಮ್ನಿಕಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಅವನ ಕಿವಿ ಹಿಡಿದು ಕೆಳಕ್ಕೆಳೆದಳು. ಆ ದಪ್ಪ ಮನುಷ್ಯ ಟೋಪಿಯನ್ನು ಎದೆಗವಚಿಕೊಂಡು ಬಗ್ಗಿ ನಿಂತ. ಅವಳು ಅವನ ತಲೆಯನ್ನು ಬೆಳಗಿನ ಬಿಸಿಲಿನತ್ತ ಮೆಲ್ಲನೆ ತಿರುಗಿಸಿದಳು.