ಎಂಬತ್ತೆಂಟನೆಯ ಸಾಲು

ಕಾಯ್ದೆ ಆದದ್ದು ಸೋಮವಾರ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆಲ್ಲ ಅದರ ಪ್ರತಿ ನಮ್ಮ ದಾಖಲೆ ಕೋಣೆಯ ಮೇಜಿನ ಮೇಲಿತ್ತು. ಈ ವಿಶ್ವವಿದ್ಯಾಲಯದಲ್ಲಿ ಸುಟ್ಟುಹೋದ ಬಲ್ಬು ಬದಲಾಯಿಸಲು ಮೂರು ತಿಂಗಳು ಹಿಡಿಯುತ್ತದೆ. ಇದೊಂದು ಮಾತ್ರ ಒಂದೇ ದಿನದಲ್ಲಿ ಬಂದಿತ್ತೆಂದರೆ ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕಾಯ್ದೆಯ ಒಂಬತ್ತನೆಯ ಕಲಮು ಹೀಗಿತ್ತು: ಸತತ ಮೂರು ವರ್ಷ ಹನ್ನೆರಡಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ವಿಭಾಗವನ್ನು ಮುಚ್ಚತಕ್ಕದ್ದು, ಮತ್ತು ಅಂಥ ವಿಭಾಗ ಎಂದೂ ಇರಲೇ ಇಲ್ಲವೆಂದು ಭಾವಿಸತಕ್ಕದ್ದು. ಬರೀ ಮುಚ್ಚಿದರೆ ಯಾರಾದರೂ ಕೋರ್ಟಿಗೆ ಹೋದಾರು. ಇರಲೇ ಇಲ್ಲ ಎಂದುಬಿಟ್ಟರೆ ಹೋಗುವವರಾದರೂ ಯಾರು? ಬರೆದವನ ತಲೆಯನ್ನು ಮೆಚ್ಚಬೇಕು ಅಂತ ನಾನು ನಕ್ಕಿದ್ದೆ.

ನಮ್ಮಲ್ಲಿ ಆ ಕಲಮಿಗೆ ಸಿಕ್ಕಿಬಿದ್ದದ್ದು ಕೀಟಶಾಸ್ತ್ರ ವಿಭಾಗ ಒಂದೇ. ಅಲ್ಲಿದ್ದದ್ದು ಏಳು ವಿದ್ಯಾರ್ಥಿಗಳು, ಸೂಜಿ ಚುಚ್ಚಿ ಗಾಜಿನ ಪೆಟ್ಟಿಗೆಗಳಲ್ಲಿಟ್ಟ ನಲವತ್ತು ಸಾವಿರ ಹುಳುಗಳು, ಮತ್ತು ನನ್ನ ಅಕ್ಕ.

ಅಮ್ಮ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿನೇಳು. ತಲೆ ಬಾಚಿ, ಮೂಗು ಒರೆಸಿ, ಅಕ್ಷರ ಕಲಿಸಿ ನನ್ನನ್ನು ಬೆಳೆಸಿದವಳು ಅವಳೇ. ಪುಸ್ತಕದ ಸಾಲಿನ ಮೇಲೆ ನನ್ನ ಬೆರಳು ಇಡಿಸಿ, "ಓದಿ ಮುಗಿಸೋ ತನಕ ಎತ್ತಬಾರದು" ಎನ್ನುತ್ತಿದ್ದಳು. ಮುಂದೆ ತಾನು ಕೀಟಶಾಸ್ತ್ರದ ಪಾಠ ಹೇಳತೊಡಗಿದಾಗ ನನ್ನನ್ನೂ ಹುಳುಗಳ ದಾರಿಗೆ ಎಳೆಯಲು ನೋಡಿದಳು. ಅವಳ ಮನಸ್ಸಿಗೆ ನೋವಾಗಬಾರದೆಂದು ಒಂದು ವರ್ಷ ಆ ವಿಭಾಗದ ಬೆಂಚಿನಲ್ಲಿ ಕೂತು ಜಿರಳೆಯ ಕಾಲು ಬಿಡಿಸಿದೆ. ಆಮೇಲೆ ಈ ಕೆಲಸ ಸಿಕ್ಕಿದ್ದೇ ಕಾಲಿಗೆ ಬುದ್ಧಿ ಹೇಳಿದೆ. ಇಬ್ಬರೂ ಮದುವೆಯಾಗಲಿಲ್ಲ. ಒಂದೇ ಮನೆಯಲ್ಲಿ ಸಣ್ಣಪುಟ್ಟದ್ದಕ್ಕೆಲ್ಲ ಜಗಳವಾಡಿಕೊಂಡು ಹಾಯಾಗಿದ್ದೆವು.

ದಾಖಲೆ ಕೋಣೆಯಲ್ಲಿ ತಾಳೆ ನೋಡುವುದಕ್ಕೆ ಒಂದು ಪದ್ಧತಿ ಇದೆ. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಪಟ್ಟಿಯಿಂದ ಹೆಸರು ಓದುತ್ತಾರೆ. ಇನ್ನೊಬ್ಬರು ದಾಖಲೆ ಪುಸ್ತಕದಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು "ಇದೆ" ಎಂದೋ "ಇಲ್ಲ" ಎಂದೋ ಹೇಳುತ್ತಾರೆ. ಓದಿದವರು ಪಟ್ಟಿಯ ಮೇಲೆ ಅದರಂತೆ ಮೊಹರು ಒತ್ತುತ್ತಾರೆ. ಬೆರಳಿಟ್ಟ ಮೇಲೆ ಉತ್ತರ ಹೇಳದೆ ಎತ್ತುವಂತಿಲ್ಲ. ಮೊಹರು ಬಿದ್ದ ಸಾಲನ್ನು ಮತ್ತೆ ತೆರೆಯುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಉತ್ತರ ಹೇಳುವವಳು ನಾನು, ಓದುವವರು ಸ್ಟಾಂಪಜ್ಜ. ನಿವೃತ್ತಿಗೆ ಐದು ತಿಂಗಳಿದ್ದ ಅವರನ್ನು ಹುಡುಗರೆಲ್ಲ ಹಾಗೇ ಕರೆಯುತ್ತಿದ್ದರು. ಅವರ "ಇದೆ" ಮೊಹರಿನ ಮರದ ಹಿಡಿ ಹೆಬ್ಬೆರಳಿಗೆ ಸವೆದು ಹೊಳೆಯುತ್ತಿತ್ತು. "ಇಲ್ಲ" ಮೊಹರಿನ ಬಣ್ಣವೂ ಮಾಸಿರಲಿಲ್ಲ.

ಕೀಟಶಾಸ್ತ್ರದ ಪಟ್ಟಿಯಲ್ಲಿ ಇನ್ನೂರ ಹದಿಮೂರು ಸಾಲು. ಮೇಷ್ಟ್ರು, ವಿದ್ಯಾರ್ಥಿ, ಜವಾನ ಎಲ್ಲರೂ ಅದರಲ್ಲಿದ್ದರು. ಎಲ್ಲದಕ್ಕೂ "ಇಲ್ಲ" ಎನ್ನಬೇಕೆಂದು ರಿಜಿಸ್ಟ್ರಾರರ ಆದೇಶ.

"ಹೆಸರು ಕಣ್ಣೆದುರಿಗೇ ಇದೆ, ಅದರ ಮೇಲೆ ಬೆರಳಿಟ್ಟು ಇಲ್ಲ ಅನ್ಬೇಕಂತೆ ಅಜ್ಜ."

"ಅಂದ್ಬಿಡಮ್ಮ ಅತ್ಲಾಗೆ. ಬರೀ ಕಾಗದ ತಾನೇ."

ಬುಧವಾರ ಮಧ್ಯಾಹ್ನದೊಳಗೆ ಅರವತ್ತು ಸಾಲು ಮುಗಿಸಿದೆವು. ಮೊದಲನೆಯ ಸಾಲು ವಿಭಾಗ ಕಟ್ಟಿದ ಹಿರಿಯರದು. ಊಟಕ್ಕೆಂದು ಎದ್ದು ಹೋಗುವಾಗ ಮೊಗಸಾಲೆಯಲ್ಲಿ ಅವರ ಫೋಟೋ ಇರಲಿಲ್ಲ. ಯಾರೋ ಇಳಿಸಿರಬೇಕು ಅಂದುಕೊಂಡೆ. ಆದರೆ ನಲವತ್ತು ವರ್ಷ ಫೋಟೋ ತೂಗಿದ ಗೋಡೆಯಲ್ಲಿ ಚೌಕದ ಗುರುತಾದರೂ ಇರಬೇಕಲ್ಲ. ಮೊಳೆಯ ತೂತೂ ಇರಲಿಲ್ಲ.

ಕ್ಯಾಂಟೀನಿನಲ್ಲಿ ಕೀಟಶಾಸ್ತ್ರದ ಜವಾನ ನಿಂತಿದ್ದ. ಐವತ್ತೆರಡನೆಯ ಸಾಲಿನವನು. ಫ್ಲಾಸ್ಕು ಮುಂದೆ ಚಾಚಿಕೊಂಡು, "ಅಕ್ಕಾ, ನಾಲ್ಕು ಟೀ" ಎನ್ನುತ್ತಿದ್ದ. ಕ್ಯಾಂಟೀನಿನವಳು ಅವನ ಹಿಂದಿದ್ದವರಿಗೆ ಕೊಟ್ಟಳು. ಅವನು ಮತ್ತೆ ಕೇಳಿದ. ಅವಳು ಅವನ ಹಿಂದಿನ ಬಾಗಿಲು ನೋಡುತ್ತಾ ಆಕಳಿಸಿದಳು. ಅವನು ತಿರುಗಿ ನನ್ನನ್ನು ಕಂಡು ಹತ್ತಿರ ಬಂದ.

"ಮೇಡಂ, ನಾನು ನಿಮಗೆ ಕಾಣ್ತಿದೀನಾ?"

"ಕಾಣ್ದೆ ಏನು?"

"ಬೆಳಗ್ಗೆ ಹನ್ನೊಂದರಿಂದ ಯಾರಿಗೂ ಕಾಣ್ತಿಲ್ಲ. ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಯಾರ್ರೀ ಅಂತ ಕೇಳಿ ಇಟ್ಟುಬಿಟ್ಟಳು."

ಸ್ಟಾಂಪಜ್ಜರನ್ನು ಕರೆತಂದು ತೋರಿಸಿದೆ. ಅವರಿಗೂ ಕಂಡ. ಆ ಮೇಜಿಗೆ ಕೂತ ನಮ್ಮಿಬ್ಬರಿಗೆ ಬಿಟ್ಟರೆ ಇನ್ಯಾರಿಗೂ ಅವನು ಕಾಣಲಿಲ್ಲ. ನೆನಪೂ ಇರಲಿಲ್ಲ. ಅಜ್ಜ ಗೋಡೆಗೆ ಒರಗಿ ಕೂತುಬಿಟ್ಟರು. ನನಗೆ ತಲೆಯಲ್ಲಿದ್ದದ್ದು ಒಂದೇ: ಅಕ್ಕನ ಹೆಸರು ಎಂಬತ್ತೆಂಟನೆಯ ಸಾಲಿನಲ್ಲಿದೆ.

ತಲೆನೋವೆಂದು ರಜೆ ಹಾಕಿ ಮನೆಗೆ ಓಡಿದೆ. ಅಕ್ಕ ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ. ಅವಳು ಕನ್ನಡಕ ಒರೆಸುತ್ತಾ ಕೇಳಿಸಿಕೊಂಡಳು.

"ಹಾಗಾದ್ರೆ ನಮ್ಮ ಜವಾನ ಬರ್ಲಿಲ್ಲ ಅಂತ ಯಾರೂ ಕೇಳ್ಲಿಲ್ವಲ್ಲ, ಅದಕ್ಕಾ? ತಾಳು, ನಮಗೆ ಜವಾನ ಇದ್ನಾ?"

"ಅಕ್ಕಾ, ನಾಳೆ ನಿನ್ನ ಸರದಿ. ನಾನು ಕೆಲಸ ಬಿಟ್ಬಿಡ್ತೀನಿ."

"ನೀನು ಬಿಟ್ರೆ ಇನ್ನೊಬ್ಬರು ಕೂತು ಹೇಳ್ತಾರೆ. ಪೆದ್ದಿ." ಅವಳು ನನ್ನ ಕೆನ್ನೆಗೆ ಮೆಲ್ಲಗೆ ತಟ್ಟಿದಳು. "ನಾನು ನಿನಗೆ ಕಲಿಸಿದ್ದು ಒಂದೇ. ಬೆರಳಿಡು, ಕಂಡದ್ದು ಹೇಳು."

ನನಗೆ ನಿದ್ದೆ ಹತ್ತಲಿಲ್ಲ. ಲೆಕ್ಕ ಹಾಕುತ್ತಾ ಮಲಗಿದ್ದೆ. ಅರವತ್ತೊಂದಕ್ಕೇ "ಇದೆ" ಎಂದರೆ ನನ್ನನ್ನು ಎಬ್ಬಿಸಿ ಬೇರೆಯವರನ್ನು ಕೂರಿಸುತ್ತಾರೆ, ಆಮೇಲೆ ಅಕ್ಕನಿಗೆ ದಿಕ್ಕಿಲ್ಲ. ಅಕ್ಕನವರೆಗೆ ಹೋಗಬೇಕಾದರೆ ನಡುವಿನ ಇಪ್ಪತ್ತೇಳು ಜನಕ್ಕೆ "ಇಲ್ಲ" ಎನ್ನಲೇಬೇಕು. ಎನ್ನುತ್ತೇನೆ ಅಂತ ತೀರ್ಮಾನ ಮಾಡಿದೆ. ಇದನ್ನು ಮುಚ್ಚಿಡುವುದಿಲ್ಲ, ನಾನು ಅಷ್ಟು ಕೆಟ್ಟವಳೇ.

ಗುರುವಾರ ರಿಜಿಸ್ಟ್ರಾರರು ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು. ಅಜ್ಜ ಓದಿದರು, ನಾನು "ಇಲ್ಲ" ಎಂದೆ. ಅರವತ್ತೊಂದು, ಅರವತ್ತೆರಡು. ಪ್ರತಿ ಮೊಹರಿಗೂ ಹೊರಗೆ ಎಲ್ಲೋ ಒಂದು ಕುರ್ಚಿ ಖಾಲಿಯಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಎಪ್ಪತ್ತೊಂಬತ್ತನೆಯದು ನನಗೆ ಗೊತ್ತಿದ್ದ ಹುಡುಗಿ, ಈಗ ಎರಡು ಮಕ್ಕಳ ತಾಯಿ. ಆದರೂ "ಇಲ್ಲ" ಎಂದೆ.

ಅಜ್ಜ ಅಕ್ಕನ ಹೆಸರು ಓದಿದರು. ನಾನು ಬೆರಳಿಟ್ಟೆ.

"ಇದೆ."

ಹೊಸ "ಇಲ್ಲ" ಮೊಹರು ಎತ್ತಿದ್ದ ಅಜ್ಜನ ಕೈ ಗಾಳಿಯಲ್ಲೇ ನಿಂತಿತು. ರಿಜಿಸ್ಟ್ರಾರರು "ಏನ್ರೀ!" ಎಂದು ಕೂಗಿ ಮುಂದೆ ಬರುವಷ್ಟರಲ್ಲಿ ಅಜ್ಜ ಅದನ್ನು ಕೆಳಗಿಟ್ಟು, ಹಳೆಯ "ಇದೆ" ಮೊಹರನ್ನು ತಡಕಿ ತೆಗೆದು, ಮೇಜು ಅದುರುವಂತೆ ಒತ್ತಿಬಿಟ್ಟರು.

"ಮೊಹರು ಬಿದ್ದ ಸಾಲು ತೆರೆಯೋ ಹಾಗಿಲ್ಲ ಸರ್," ಎಂದರು.

ನನ್ನನ್ನು ಎಬ್ಬಿಸಿ ಟೈಪಿಸ್ಟ್ ಹುಡುಗಿಯನ್ನು ಕೂರಿಸಿದರು. ವಿವರಣೆ ಬರೆದುಕೊಡಿ ಎಂದು ನನ್ನನ್ನು ರಿಜಿಸ್ಟ್ರಾರರ ಕೋಣೆಗೆ ಕರೆದೊಯ್ದರು. ಅಲ್ಲಿ ಕೂತು ಬರೆಯುವಾಗ ನನಗೆ ಹಾಡಿಕೊಳ್ಳುವಷ್ಟು ಖುಷಿ. ಅಕ್ಕ ಉಳಿದಳು. ಇನ್ನು ಇರದ ವಿಭಾಗಕ್ಕೆ ಅವಳೊಬ್ಬಳೇ ಪ್ರಾಧ್ಯಾಪಕಿ, ಮನೆಯಲ್ಲಿ ಎಷ್ಟು ಗೇಲಿ ಮಾಡಬಹುದು ಎಂದು ಯೋಚಿಸುತ್ತಿದ್ದೆ. ಮುಕ್ಕಾಲು ಗಂಟೆಯಲ್ಲಿ ಮೂರು ಸಾಲು ಬರೆದಿದ್ದೆ. ರಿಜಿಸ್ಟ್ರಾರರು ತಲೆಯೆತ್ತಿ ನನ್ನತ್ತ ನೋಡಿದರು. ನಂತರ ಗಂಟೆ ಒತ್ತಿ ತಮ್ಮ ಕೋಣೆಯ ಜವಾನನನ್ನು ಕರೆದರು.

"ಈ ಕುರ್ಚಿ ಯಾಕೆ ಇಲ್ಲಿ ಎಳೆದಿಟ್ಟಿದೀಯ? ತೆಗಿ."

ಕೆಳಗೆ ನೋಡಿದೆ. ಹಾಳೆ ಬಿಳಿಯಾಗಿತ್ತು.

ಮೆಟ್ಟಿಲ ಬಳಿ ಸ್ಟಾಂಪಜ್ಜ ಅಳುತ್ತಾ ನಿಂತಿದ್ದರು. ಅವರಿಗೆ ನಾನು ಕಂಡೆ.

"ನೂರ ಮೂವತ್ತೊಂದು ನಿನ್ನ ಹೆಸರು ಕಣಮ್ಮ. ಒಂದು ವರ್ಷ ಓದಿದ್ದೆಯಂತಲ್ಲ, ನನಗೆ ಹೇಳಿರ್ಲೇ ಇಲ್ಲ. ನಾನು ಓದ್ದೆ, ಅವಳು ಇಲ್ಲ ಅಂದಳು, ಕೈ ಅದರ ಪಾಡಿಗೆ ಒತ್ಬಿಡ್ತು."

ಇಪ್ಪತ್ತೆರಡು ವರ್ಷ ಎಲ್ಲರ ಹೆಸರು ಹುಡುಕಿಕೊಟ್ಟವಳು ನಾನು. ನನ್ನ ಹೆಸರೂ ಒಂದು ಪುಸ್ತಕದಲ್ಲಿದೆ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಮನೆಗೆ ಬಂದೆ. ಅಕ್ಕ ಇದ್ದಳು. ಬಾಗಿಲು ತೆರೆದದ್ದು ನೋಡಿ, "ಗಾಳಿ" ಎಂದು ಎದ್ದು ಬಂದು ನನ್ನ ಹಿಂದೆಯೇ ಚಿಲಕ ಹಾಕಿದಳು. ಅವಳ ಸೀರೆಯ ಸೆರಗು ನನ್ನ ಕೈಗೆ ತಾಗಿತು. ಅಕ್ಕಾ ಎಂದು ಕಿರುಚಿದೆ. ಅವಳು ಕಿವಿಯ ಹಿಂದೆ ಕೂದಲು ಸರಿಸಿಕೊಂಡಳು, ಅಷ್ಟೆ. ನಾನು ಅವಳ ಕಾಲ ಬಳಿ ಕೂತು ಅತ್ತೆ.

ಕತ್ತಲಾಗುವ ಹೊತ್ತಿಗೆ ಅವಳು ಎರಡನೆಯ ಮಂಚದ ಮುಂದೆ ನಿಂತು, ಇದು ಇಲ್ಲಿ ಯಾಕಿದೆ ಎಂಬಂತೆ ಬಹಳ ಹೊತ್ತು ನೋಡಿದಳು. ಆಮೇಲೆ ಕಪಾಟಿನಿಂದ ತನ್ನ ಹಳೆಯ ಹಾಜರಿ ಪುಸ್ತಕಗಳನ್ನು ಇಳಿಸಿದಳು. ಒಂದೊಂದನ್ನೇ ತೆರೆದು, ನನಗೆ ಕಲಿಸಿದ್ದಳಲ್ಲ ಹಾಗೆಯೇ, ಸಾಲು ಸಾಲಾಗಿ ಬೆರಳಿಡುತ್ತಾ ಬಂದಳು. ನಾನು ಓದಿದ ವರ್ಷದ ಪುಸ್ತಕದಲ್ಲಿ ಆರನೆಯ ಸಾಲು ಖಾಲಿಯಿತ್ತು. ಅಲ್ಲಿ ಬೆರಳು ನಿಂತಿತು.

ನಾನು ಎದುರು ಕುರ್ಚಿಯಲ್ಲಿ ಕೂತು ನನ್ನ ಹೆಸರು ಓದಿದೆ. ಮತ್ತೆ ಓದಿದೆ. ಈಗಲೂ ಓದುತ್ತಿದ್ದೇನೆ. ಅಕ್ಕ ಏನೂ ಹೇಳಿಲ್ಲ. ಬೆರಳನ್ನೂ ಎತ್ತಿಲ್ಲ.